ಪಾರ್ಕಿನ ಮೇಲೆ ಕೆಂಪು ಚುಕ್ಕಿ

"ಲೇ, ನಿಲ್ಲಿಸ್ರೋ ಆ ದರಿದ್ರ ತಮಟೇನ! ಹೆಣ ಎಲ್ಲೂ ಓಡಿ ಹೋಗಲ್ಲ. ಮೇಡಂ ಸರ್ವೆಗೆ ಬಂದಿರೋದು ಕಣ್ಣಿಗೆ ಕಾಣಲ್ವಾ?"

ಬಡಾವಣೆ ಸಂಘದ ಅಧ್ಯಕ್ಷ ಶಂಭುಲಿಂಗಪ್ಪ ಹಾಗೆ ಗದರಿದ್ದೇ ತಡ, ತಮಟೆಯವರ ಕೈ ನಿಂತಿತು. ಜರಗನಹಳ್ಳಿಯ ಹಿಂಬದಿಯ ಕೇರಿಯಲ್ಲಿ ಬಿಸಿಲು ನೆತ್ತಿಗೇರಿತ್ತು. ಕೆಂಪಕ್ಕನ ಶೀಟಿನ ಮನೆಯ ಮುಂದೆ ಅವಳ ಗಂಡ ಸಂಜೀವಯ್ಯ ಚಟ್ಟದ ಮೇಲೆ ಮಲಗಿದ್ದ. ಊರಲ್ಲಿ ಸತ್ತವರಿಗೆಲ್ಲ ಗುಂಡಿ ತೋಡಿದವನನ್ನು ಮಣ್ಣು ಮಾಡಲು ಊರಲ್ಲಿ ಜಾಗವಿರಲಿಲ್ಲ. ಜಾಗ ಕೇಳಿಕೊಂಡು ಬೆಳಿಗ್ಗೆ ಹೋದ ಮೈದುನ ದೇವರಾಜ ಇನ್ನೂ ಬಂದಿರಲಿಲ್ಲ.

ಸರ್ವೆಯ ಹುಡುಗಿ ಲಿಖಿತಾ ಎದುರು ಗೋಡೆಗೆ ಬಡಾವಣೆಯ ದೊಡ್ಡ ನಕ್ಷೆ ಅಂಟಿಸಿ, ಹೆಣದ ಕಡೆ ನೋಡಲಾರದೆ ನಿಂತಿದ್ದಳು.

"ಸಾರ್, ಇನ್ನೊಂದಿನ ಬರೋಣ."

"ಕೇರಿಯವರ ಅಭಿಪ್ರಾಯಾನೂ ಬೇಕು ಅಂದೋರು ನೀವೇ ಅಲ್ವೇನಮ್ಮ? ಎಲ್ಲ ಒಂದೇ ಕಡೆ ಸೇರವ್ರೆ, ಕೆಲಸ ಸಲೀಸು. ಕೇಳಿ, ಕೇಳಿ."

ಹುಡುಗಿ ತಗ್ಗಿದ ದನಿಯಲ್ಲಿ ಹೇಳಿದಳು: "ನಿಮ್ಮ ಏರಿಯಾದ ಶಕ್ತಿ ಎಲ್ಲಿದೆಯೋ ಅಲ್ಲಿ ಹಸಿರು ಚುಕ್ಕಿ ಅಂಟಿಸಿ. ಕೊರತೆ ಇರೋ ಕಡೆ ಕೆಂಪು."

"ಶಕ್ತಿ ಅಂದ್ರೆ ಫ್ರೀ ಬಸ್ಸೇನವ್ವಾ?" ನೆರೆಮನೆಯ ಬೈರಮ್ಮ ಕೇಳಿದಳು. "ಬಸ್ ಸ್ಟಾಪ್ ಎಲ್ಲೈತೆ ತೋರ್ಸು, ಅಂಟುಸ್ತೀನಿ."

ಸಾವಿನ ಮನೆಯ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದರು.

ಅಷ್ಟರಲ್ಲಿ ದೇವರಾಜ ಬೆವರೊರೆಸಿಕೊಳ್ಳುತ್ತ ಬಂದ. "ಎಲ್ಲೂ ಸೇರ್ಸಲ್ಲ ಅತ್ತಿಗೆ. ಒಂದ್ ಕಡೆ ನೀವು ಬೇರೆ ಊರೋರು ಅಂದ್ರು. ಇನ್ನೊಂದ್ ಕಡೆ ಜಾತಿ ಕೇಳಿ ಗೇಟ್ ಹಾಕುದ್ರು ಬೋಳಿಮಕ್ಳು. ಸುಡೋದೇ ಗತಿ."

"ಸುಡ್ಬ್ಯಾಡ, ನಮ್ಮವ್ವನ ಮಗ್ಗುಲಿಗೆ ಹಾಕು ಅಂತ ಕೈ ಹಿಡ್ಕಂಡು ಹೇಳವ್ನೆ ಕಣಪ್ಪ. ದೇವರ ಮುಂದೆ ಹೂಂ ಅಂದಿವ್ನಿ."

ಹಾಗೆಂದು ಕೆಂಪಕ್ಕ ಎದ್ದು ನಕ್ಷೆಯ ಹತ್ತಿರ ಹೋದಳು. ಒಂದು ಕೆಂಪು ಚುಕ್ಕಿ ಇಸಿದುಕೊಂಡು, "ಪಾರ್ಕು ಎಲ್ಲೈತವ್ವಾ?" ಎಂದಳು. ಹುಡುಗಿ ಬೆರಳಿಟ್ಟು ತೋರಿಸಿದಳು. ಅಲ್ಲಾಗಲೇ ಬಡಾವಣೆಯವರು ಅಂಟಿಸಿದ ಹಸಿರು ಚುಕ್ಕಿಗಳು ಒತ್ತೊತ್ತಾಗಿದ್ದವು. ಅವುಗಳ ನಡುವೆ ಕೆಂಪಕ್ಕ ತನ್ನದನ್ನು ಒತ್ತಿದಳು.

"ಅಮ್ಮಾ, ಪಾರ್ಕು ಶಕ್ತಿ. ಅಲ್ಲಿ ಹಸಿರು ಬರ್ಬೇಕು."

"ಅದು ನಮ್ಮ ಮಸಾಣ ಕಣವ್ವ. ನಮ್ಮತ್ತೆ ಅಲ್ಲಿ ಮಲಗವ್ಳೆ. ನಾ ಹೆತ್ತು ಕಳ್ಕಂಡ ಕೂಸೂ ಅಲ್ಲೇ ಐತೆ. ಅವ್ರ ಎದೆ ಮ್ಯಾಲೆ ಕಲ್ಲು ಹಾಸಿ ವಾಕಿಂಗ್ ಹೋಯ್ತಾವ್ರೆ."

ಶಂಭುಲಿಂಗಪ್ಪ ಮುಂದೆ ಬಂದು ಆ ಕೆಂಪು ಚುಕ್ಕಿಯನ್ನು ಉಗುರಿನಿಂದ ಕೆರೆದು ತೆಗೆದ. "ಕೊರತೆ ಇರೋದು ಇವ್ರ ತಿಳಿವಳಿಕೇಲಿ. ಹಂಗೇ ಬರ್ಕೊಳಮ್ಮ."

"ಸಾಮಿ," ಕೆಂಪಕ್ಕ ಕೈಮುಗಿದಳು. "ನಿಮ್ಮಲ್ಲೂ ಸುಡಲ್ಲ, ಮಣ್ಣಲ್ಲೇ ಕೂರ್ಸೋದು. ನಿಮ್ಮವ್ವನ್ನ ಕೂರ್ಸಿದ ಗೂಡು ಕೊರ್ದೋನು ಇವ್ನೇ. ಒಂದ್ ಮೂಲೆ ಕೊಡಿ, ಗಿಡದ ಹಿಂದೆ. ಮ್ಯಾಲೆ ಹುಲ್ಲು ಹಾಕ್ಬುಡ್ತೀವಿ, ಯಾರ್ ಕಣ್ಣಿಗೂ ಬೀಳಲ್ಲ." ಬಗ್ಗಿ ಕಾಲು ಹಿಡಿಯಹೋದಳು.

ಅವನು ಬೆಂಕಿ ತಾಕಿದವನಂತೆ ಹಿಂದೆ ಸರಿದ. "ಮುಟ್ಬೇಡ, ಮೈಲಿಗೆ! ಮಕ್ಕಳು ಆಡೋ ಜಾಗದಲ್ಲಿ ಹೆಣ ಹೂಳ್ತಾಳಂತೆ, ಬೋಳಿಮುಂಡೆ."

ಅವಳ ಕೈಯಲ್ಲಿ ಬಳೆ ಇನ್ನೂ ಇತ್ತು.

"ನಿನ್ ಬಾಯಿಗ್ ಮಣ್ಣಾಕ!" ಎಂದು ಬೈರಮ್ಮ ಕಿರುಚಿದಳು. ಕೆಂಪಕ್ಕ ಮನೆಯೊಳಗೆ ಹೋಗಿ ಗಂಡನ ಹಾರೆ ತಂದಳು. ಕೇರಿಯ ಕೊನೆಗೆ ನಡೆದು ಪಾರ್ಕಿನ ಬೀಗದ ಮೇಲೆ ಬೀಸಿದಳು. ಬೀಗ ಒಡೆಯುವಷ್ಟರಲ್ಲಿ ಎರಡೂ ಕೈಯ ಬಳೆಗಳು ಚೂರಾಗಿದ್ದವು. ಯಾರೂ ಒಡೆಯಬೇಕಾಗಲಿಲ್ಲ.

"ಪೊಲೀಸ್ನೋರ್ನ ಕರ್ಸ್ತೀನಿ, ಒಬ್ಬೊಬ್ಬರ್ನೂ ಒಳಗೆ ಹಾಕುಸ್ತೀನಿ!" ಶಂಭುಲಿಂಗಪ್ಪ ಫೋನು ಕಿವಿಗಿಟ್ಟು ಅರಚುತ್ತಿದ್ದ.

ವಾಕಿಂಗ್ ಹಾದಿಯ ಸಂದಿಗೆ ಹಾರೆ ತೂರಿಸಿ ಕೆಂಪಕ್ಕ ಮೈಭಾರ ಬಿಟ್ಟಳು. ಒಂದು ಕಲ್ಲು ಎದ್ದಿತು, ಅದರಡಿಯಲ್ಲಿ ಕೆಂಪು ಮಣ್ಣು. ಮುಂಗೈಯ ರಕ್ತ ಅದರ ಮೇಲೆ ತೊಟ್ಟಿಕ್ಕಿತು.

"ಅತ್ತೇ, ವಸಿ ಸರ್ಕೊಳವ್ವಾ," ಎಂದು ಮಣ್ಣಿಗೆ ಹೇಳಿ ಮತ್ತೆ ಹಾರೆ ಎತ್ತಿದಳು.

ಹಿಂದೆ, ಕೇರಿಯಲ್ಲಿ, ಚಟ್ಟ ಎದ್ದಿತು. ತಮಟೆ ಶುರುವಾಯಿತು.