ತಾರೀಖಿಲ್ಲದ ಕಲ್ಲು

ಮಗ್ಗ ಬಿಚ್ಚದೆ ಶವಪೆಟ್ಟಿಗೆ ಹೊರಗೆ ಬರುವಂತಿರಲಿಲ್ಲ. ಒಳಕೋಣೆಯ ಬಾಗಿಲಿಗೂ ಹೊರಬಾಗಿಲಿಗೂ ನಡುವೆ ಇದ್ದ ಜಾಗವನ್ನೆಲ್ಲ ಮಗ್ಗವೇ ನುಂಗಿಕೊಂಡಿತ್ತು. ಅಸಾಹೆಲ್ ಪ್ರಿಂಡಲ್ ಮಂಡಿಯೂರಿ ಕುಳಿತು, ಮರದ ಸುತ್ತಿಗೆಯಿಂದ ಅದರ ಬೆಣೆಗಳನ್ನು ಒಂದೊಂದಾಗಿ ಹೊಡೆದು ಕಳಚುತ್ತಿದ್ದ. ಇಪ್ಪತ್ತೆಂಟು ವರ್ಷದ ಹಿಂದೆ, ಮದುವೆಯಾದ ಚಳಿಗಾಲದಲ್ಲಿ, ಅವನ್ನು ಕೂರಿಸಿದವನೂ ಅವನೇ.

ಮಗಳು ರಾಕ್ಸಿ ಕತ್ತರಿ ಹಿಡಿದು ನಿಂತಿದ್ದಳು.

"ಹಾಸಿನ ನೂಲು ಇನ್ನೂ ಮಗ್ಗದ ಮೇಲೇ ಇದೆ ಅಪ್ಪಾ. ಅರ್ಧಾನೂ ನೇಯ್ದಿಲ್ಲ."

"ಕತ್ತರಿಸು."

"ಎಲ್ಲಾನೂ?"

"ಇನ್ಯಾರು ನೇಯ್ತಾರೆ? ಕತ್ತರಿಸು."

ಅವಳು ಕತ್ತರಿಸಿದಳು. ಬೆಲ್ ಬ್ರೂಕಿನ ಹೊಳೆಯ ದಂಡೆಯ ಗಿರಣಿಗೆ ನೀರಿನಿಂದ ಓಡುವ ಮಗ್ಗಗಳು ಬಂದು ವರ್ಷವಾಗಿತ್ತು. ಮನೆಮನೆಗೆ ನೂಲು ಹಂಚುವುದನ್ನು ನಿಲ್ಲಿಸಿದ್ದರು. ಅಸಾಹೆಲನ ಹೆಂಡತಿ ಡಾರ್ಕಸ್ ನೇಯುತ್ತಿದ್ದದ್ದು ಊರಿಗೆ ಬಂದ ಕೊನೆಯ ನೂಲು. ಅಷ್ಟರಲ್ಲಿ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಐದನೆಯ ದಿನ ಹೋಗಿಬಿಟ್ಟಳು. ರಾಕ್ಸಿ ಅದೇ ಗಿರಣಿಯಲ್ಲಿ ನೂಲುವವಳು. ಮಧ್ಯಾಹ್ನದ ಗಂಟೆಯವರೆಗೆ ಮಾತ್ರ ಅವಳಿಗೆ ರಜೆ ಸಿಕ್ಕಿತ್ತು.

ಹೆಣಕ್ಕೆ ಸ್ನಾನ ಮಾಡಿಸಿ ಉಡಿಸಿದ್ದು ಪಕ್ಕದ ಮನೆಯ ಹಲ್ಡಾ. ಅವಳು ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು.

"ಕರೀ ಬಟ್ಟೇನೇ ಹಾಕಿದೀನಿ ಅಸಾಹೆಲ್. ಹುಡುಕಿದ್ರೆ ಬೇರೆ ಬಣ್ಣದ್ದು ಒಂದೂ ಇಲ್ಲ. ನನ್ನ ಗಂಡ ಸತ್ತಾಗ ನಾನು ಒಂಬತ್ತೇ ತಿಂಗಳಿಗೆ ಕರೀದು ಬಿಟ್ಟೆ. ಆ ಮನುಷ್ಯನಿಗೆ ಅದೂ ಜಾಸ್ತೀನೇ. ಇವಳು ಮಗನಿಗಾಗಿ ಏಳು ವರ್ಷ ಬಿಡಲಿಲ್ಲ ನೋಡು."

ಅಸಾಹೆಲ್ ತಲೆಯಾಡಿಸಿದ. ಅವನಿಗೆ ಅಳು ಬಂದಿರಲಿಲ್ಲ. ಬರಬಹುದೆಂದು ಬೆಳಗಿನಿಂದ ಕಾದಿದ್ದ. ಈಗ ಕಾಯುವುದನ್ನೂ ಮರೆತಿದ್ದ. ಪೆಟ್ಟಿಗೆಯ ಮುಚ್ಚಳದ ಮೊಳೆಗಳು ಯಂತ್ರದಲ್ಲಿ ಕತ್ತರಿಸಿದವು, ತಲೆ ಸರಿಯಾಗಿ ಕೂತಿಲ್ಲ ಎಂಬುದಷ್ಟೇ ಅವನ ಕಣ್ಣಿಗೆ ಬೀಳುತ್ತಿತ್ತು. ಒಂದು ಕಾಲದಲ್ಲಿ ಊರಿಗೆಲ್ಲ ಮೊಳೆ ಬಡಿದುಕೊಟ್ಟವನು ಅವನು.

ಹೊರಗೆ ಏಪ್ರಿಲ್ಲಿನ ಕೆಸರು. ಹೆಣ ಒಯ್ಯಬೇಕಾಗಿದ್ದ ಕುದುರೆಗಾಡಿ ಅಚ್ಚಿನವರೆಗೆ ಹೂತು ಕೆಳಗಿನ ದಾರಿಯಲ್ಲೇ ನಿಂತಿದೆಯೆಂದು ಯಾರೋ ಬಂದು ಹೇಳಿದರು. ಏನು ಮಾಡುವುದೆಂದು ಮಾತಾಡಿಕೊಳ್ಳುತ್ತಿರುವಾಗ ಅಂಗಳಕ್ಕೆ ಒಂದು ಎತ್ತಿನ ಗಾಡಿ ಬಂದು ನಿಂತಿತು. ಅದನ್ನು ಹೊಡೆದುಕೊಂಡು ಬಂದವನು ಅಸಾಹೆಲನ ತಮ್ಮ ಝೀನಸ್. ಜನ ಮಾತು ನಿಲ್ಲಿಸಿದರು.

"ಅಪ್ಪಾ, ಚಿಕ್ಕಪ್ಪ ಬಂದಿದಾರೆ," ಎಂದು ರಾಕ್ಸಿ ಮೆಲ್ಲಗೆ ಹೇಳಿದಳು.

ಅಸಾಹೆಲ್ ಕಿಟಕಿಯಿಂದ ನೋಡಿದ. "ಎತ್ತು ಬಂದಿದ್ದು ಒಳ್ಳೇದಾಯ್ತು," ಎಂದ.

*

ಅಣ್ಣ ತಮ್ಮಂದಿರ ನಡುವೆ ಮಾತು ನಿಂತದ್ದು ಯುದ್ಧದಿಂದ. ದೇಶ ಇಂಗ್ಲೆಂಡಿನ ಮೇಲೆ ಯುದ್ಧ ಸಾರಿದ ಬೇಸಿಗೆಯಲ್ಲಿ ಬೆಲ್ ಬ್ರೂಕ್ ಎರಡು ಹೋಳಾಯಿತು. ಯುದ್ಧ ಬೇಕೆನ್ನುವವರು ಒಂದು ಹೋಟೆಲಿನಲ್ಲಿ ಕುಡಿದರು, ಬೇಡವೆನ್ನುವವರು ಇನ್ನೊಂದರಲ್ಲಿ. ಊರಸಭೆಯಲ್ಲಿ ಅಸಾಹೆಲ್ ಬೆಂಚಿನ ಮೇಲೆ ಹತ್ತಿ ನಿಂತು ಯುದ್ಧದ ಪರ ಮಾತಾಡಿದ. ಝೀನಸ್ ಮಾತಾಡಲಿಲ್ಲ. ವರ್ಮಾಂಟಿನ ಉತ್ತರದ ತುದಿಯ ಎಷ್ಟೋ ರೈತರಂತೆ ಅವನೂ ತನ್ನ ದನಗಳನ್ನು ಕಾಡಿನೊಳಗಿಂದ ಗಡಿ ದಾಟಿಸಿ ಕೆನಡಾದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಮಾರಿಕೊಂಡು ಬಂದ.

ಅಸಾಹೆಲನ ಒಬ್ಬನೇ ಮಗ ಲೈಮನ್‌ಗೆ ಹದಿನೆಂಟು ತುಂಬಿದ ತಿಂಗಳೇ ಅಪ್ಪ ಅವನನ್ನು ಕ್ಯಾಪ್ಟನ್ ಥ್ರಾಲನ ಬಳಿಗೆ ಕರೆದೊಯ್ದು ಹೆಸರು ಬರೆಸಿದ. ಹುಡುಗ ಬೇಕು ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಮುಂದಿನ ವರ್ಷ ಬೇಸಿಗೆಯಲ್ಲಿ ನಯಾಗರಾದ ಹತ್ತಿರ ದೊಡ್ಡ ಕಾಳಗವಾಯಿತು. ಕಾಣೆಯಾದವರ ಪಟ್ಟಿಯಲ್ಲಿ ಲೈಮನ್ ಪ್ರಿಂಡಲ್ ಎಂಬ ಹೆಸರಿತ್ತು. ಆ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಎಲ್ಲರ ಎದುರಿಗೆ ಅಸಾಹೆಲ್ ತಮ್ಮನನ್ನು ತಡೆದ.

"ನಿನ್ನ ದನದ ಮಾಂಸ ತಿಂದು ಕೊಬ್ಬಿದೋನೇ ನನ್ನ ಮಗನ್ನ ಕೊಂದಿದ್ದು. ಇನ್ನು ನನ್ನ ಹೊಸಿಲು ತುಳೀಬೇಡ."

ಝೀನಸ್ ಏನೋ ಹೇಳಲು ಬಾಯಿ ತೆರೆದ. ಅತ್ತಿಗೆಯ ಮುಖ ನೋಡಿದ. ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದು ಹೋದ.

*

ಎತ್ತುಗಳು ನಿಧಾನವಾಗಿ ಸ್ಮಶಾನದ ಗುಡ್ಡ ಹತ್ತಿದವು. ಹೆಪ್ಪುಗಟ್ಟಿದ್ದ ನೆಲ ಆಗತಾನೆ ಸಡಿಲಗೊಂಡಿತ್ತು. ಗುಂಡಿಯ ತಳದಲ್ಲಿ ಒಂದು ಗೇಣು ನೀರು ನಿಂತಿತ್ತು. ಅದರ ಪಕ್ಕದಲ್ಲೇ ಲೈಮನ್‌ನ ಕಲ್ಲು. ಕೆಳಗೆ ಯಾರೂ ಇಲ್ಲದ ಕಲ್ಲು. 'ದೇಶಕ್ಕಾಗಿ ಪ್ರಾಣ ಕೊಟ್ಟವನು' ಎಂದು ಕೊರೆದಿತ್ತು. ಸತ್ತ ದಿನ ಇರಬೇಕಾದ ಜಾಗ ಮಾತ್ರ ಖಾಲಿ. ಅಲ್ಲಿ ತಾರೀಖು ಹಾಕಬೇಡಿ ಎಂದು ಕಲ್ಲುಕುಟಿಗನಿಗೆ ಹೇಳಿದ್ದು ಡಾರ್ಕಸ್. ಯಾವ ದಿನ ಅಂತ ಯಾರು ಕಂಡಿದಾರೆ ಎಂದಿದ್ದಳು. ಅದು ಸರಿಯೇ ಎಂದು ಅಸಾಹೆಲನಿಗೂ ಅನ್ನಿಸಿತ್ತು.

ಪಾದ್ರಿ ಚುಟುಕಾಗಿ ಪ್ರಾರ್ಥನೆ ಮುಗಿಸಿದ. ಆಮೇಲೆ ಕ್ಯಾಪ್ಟನ್ ಥ್ರಾಲ್ ಮುಂದೆ ಬಂದು, ಹುತಾತ್ಮನ ತಾಯಿಗೆ ಊರಿನ ಪಡೆ ಸಲ್ಲಿಸಬೇಕಾದ ಗೌರವ ಇದು ಎಂದು ಹೇಳಿ ನಗಾರಿ ಬಾರಿಸಿದ. ತೇವಕ್ಕೆ ನಗಾರಿಯ ಚರ್ಮ ಸಡಿಲವಾಗಿ ಸದ್ದು ದಪ್ಪಗೆ ಬಂತು. ಪ್ರತಿ ಜುಲೈ ನಾಲ್ಕರ ಸ್ವಾತಂತ್ರ್ಯೋತ್ಸವದ ಮೆರವಣಿಗೆಯಲ್ಲಿ ನಿಲ್ಲುವ ಹಾಗೆಯೇ ಅಸಾಹೆಲ್ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತ. ಝೀನಸ್ ಟೋಪಿ ತೆಗೆದು ನೆಲ ನೋಡುತ್ತಿದ್ದ.

"ಮಗನ ಪಕ್ಕ ಸೇರ್ಕೊಂಡ್ಳು ಬಿಡು," ಎಂದಳು ಹಲ್ಡಾ.

ಮಣ್ಣು ಹಸಿಯಾಗಿ ಹೆಂಟೆಹೆಂಟೆಯಾಗಿ ಬಿತ್ತು. ಕೆಳಗಿನಿಂದ ಗಿರಣಿಯ ಗಂಟೆ ಕೇಳಿಸಿತು. ರಾಕ್ಸಿ ಅಪ್ಪನ ತೋಳನ್ನು ಒಮ್ಮೆ ಮುಟ್ಟಿ, ಲಂಗ ಎತ್ತಿ ಹಿಡಿದು ಗುಡ್ಡ ಇಳಿದಳು.

*

ಚರ್ಚಿನ ಮೆಟ್ಟಿಲ ಜಗಳಕ್ಕೆ ಎರಡು ದಿನ ಮೊದಲು ಝೀನಸ್ ಹೊಳೆಯ ಹತ್ತಿರ ನೂಲು ತೊಳೆಯುತ್ತಿದ್ದ ಅತ್ತಿಗೆಯನ್ನು ಹುಡುಕಿಕೊಂಡು ಬಂದಿದ್ದ. ಹಸು ಈಯಲು ಕಷ್ಟಪಡುತ್ತಿದೆ, ಸ್ವಲ್ಪ ಬನ್ನಿ ಎಂದ. ಅವಳು ಹೋದಳು. ಕೊಟ್ಟಿಗೆಯಲ್ಲಿ ಹಸು ಇರಲಿಲ್ಲ. ಹುಲ್ಲಿನ ಮೇಲೆ ಲೈಮನ್ ಕುಳಿತಿದ್ದ.

ಡಾರ್ಕಸ್ ಕೂಗಲಿಲ್ಲ. ಹತ್ತಿರ ಹೋಗಿ ಕುಳಿತು, "ಏನಾದ್ರೂ ತಿಂದ್ಯಾ?" ಎಂದು ಕೇಳಿದಳು.

ಅವನು ಹುಲ್ಲುಕಡ್ಡಿ ಮುರಿಯುತ್ತ ಮಾತಾಡಿದ.

"ಸೈನ್ಯ ಬಿಟ್ಟು ಓಡಿದ್ರು ಅಂತ ನಾಲ್ಕು ಜನರನ್ನ ಹಿಡಿದು ತಂದ್ರು ಅಮ್ಮಾ. ಅವರವರ ಶವಪೆಟ್ಟಿಗೆ ಮೇಲೇ ಮಂಡಿಯೂರಿಸಿದ್ರು. ಗುಂಡು ಹೊಡೆಯೋ ಸಾಲಲ್ಲಿ ನನ್ನೂ ನಿಲ್ಲಿಸಿದ್ರು. ಒಬ್ಬನ ಜೊತೆ ವಾರದ ಹಿಂದೆ ಒಂದೇ ತಟ್ಟೇಲಿ ಉಂಡಿದ್ದೆ."

"ನೀನು ಹೊಡೆದ್ಯಾ?"

"ಎಲ್ಲಾರೂ ಹೊಡೆದ್ವಿ."

ಆಮೇಲೆ ಕಾಳಗದ ಗದ್ದಲದಲ್ಲಿ ಬಂದೂಕು ಹುಲ್ಲಿನಲ್ಲಿಟ್ಟು ನಡೆದುಬಿಟ್ಟಿದ್ದ. ಇಪ್ಪತ್ತು ದಿನಕ್ಕಿಂತ ಹೆಚ್ಚು ಕಾಡಲ್ಲೇ ನಡೆದು ಬಂದಿದ್ದ. ಅಪ್ಪನಿಗೆ ಹೇಳಬೇಡ ಎಂದ. ಹೇಳಲ್ಲ ಎಂದಳು. ಝೀನಸನ ಹೆಂಡತಿ ಕೊಟ್ಟ ರೊಟ್ಟಿ, ಚೀಸು, ಎರಡು ಜೊತೆ ಕಾಲುಚೀಲ ಕಟ್ಟಿಕೊಟ್ಟಳು. ಹುಲ್ಲುಗಾವಲಿನ ಕೊನೆಯ ಬೇಲಿಯವರೆಗೆ ಜೊತೆಗೆ ನಡೆದಳು. ಅವನು ಪಶ್ಚಿಮಕ್ಕೆ ಹೋದ. ಅವಳು ಮನೆಗೆ ಬಂದು ನೂಲು ಒಣಹಾಕಿದಳು.

ಮರುದಿನ ಪಟ್ಟಿ ಬಂತು. ಗಂಡ ಅದನ್ನು ಓದಿ ಗೋಡೆಗೆ ಒರಗಿ ಕುಳಿತ. ಕಾಣೆ ಅಂದ್ರೆ ಸತ್ತ ಅಂತಲೇ ಎಂದ. ಡಾರ್ಕಸ್ ಒಲೆಯ ಮೇಲೆ ಹಂಡೆಯಿಟ್ಟು, ತನ್ನ ಎರಡು ಉಡುಪುಗಳನ್ನೂ ಕರಿ ಬಣ್ಣಕ್ಕೆ ಅದ್ದಿದಳು.

*

ಸಂಜೆಗೆ ಇನ್ನೂ ಹೊತ್ತಿತ್ತು. ಜನ ಹೋಗಿದ್ದರು. ಮಗ್ಗದ ಮರಗಳು ಗೋಡೆಗೆ ಒರಗಿದ್ದವು. ಅಸಾಹೆಲ್ ಕೋಣೆಯ ನಡುವೆ ನಿಂತು, ಎರವಲು ತಂದಿದ್ದ ಉದ್ದನೆಯ ಕರಿ ಕೋಟಿನ ಗುಂಡಿಗಳನ್ನು ಮೇಲಿನಿಂದ ಬಿಚ್ಚತೊಡಗಿದ. ಝೀನಸ್ ಹೊಸಿಲಿನಾಚೆ ನಿಂತಿದ್ದ.

"ಬಾ ಒಳಗೆ. ಚಳಿ ಬರುತ್ತೆ."

ಝೀನಸ್ ಬಂದು ಬಾಗಿಲು ಹಾಕಿದ. ಕೂರಲಿಲ್ಲ.

"ಅಣ್ಣಾ, ನನ್ನ ಹತ್ರ ಒಂದು ಕಾಗದ ಇದೆ. ಅತ್ತಿಗೆ ಜ್ವರದಲ್ಲಿ ಮಲಗಿದ ಮೇಲೆ ಬಂತು. ಅವರು ನೋಡಲಿಲ್ಲ. ಅದಕ್ಕೆ ಯಾರಾದ್ರೂ ಉತ್ತರ ಬರೀಬೇಕು."

"ಯಾರದ್ದು?"

"ಲೈಮನ್‌ದು. ಬದುಕಿದಾನೆ."

ಅಸಾಹೆಲ್ ಇನ್ನೊಂದು ಗುಂಡಿ ಬಿಚ್ಚಿದ. "ಎಲ್ಲಿ?"

ಇಂಡಿಯಾನಾದಲ್ಲಿ ಎಂದ ಝೀನಸ್. ವಾಬಾಷ್ ಹೊಳೆಯ ಹತ್ತಿರ ಕಾಡು ಕಡಿದು ಜೋಳ ಹಾಕಿದ್ದಾನೆ, ಮದುವೆಯಾಗಿದ್ದಾನೆ. ಕೊಟ್ಟಿಗೆಗೆ ಬಂದಿದ್ದನ್ನೂ, ಅವನು ಯಾಕೆ ಬಂದೂಕು ಬಿಟ್ಟನೆಂಬುದನ್ನೂ, ವರ್ಷಕ್ಕೆ ಎರಡು ಸಲ ತನ್ನ ಹೆಸರಿಗೆ ಬರುತ್ತಿದ್ದ ಕಾಗದಗಳನ್ನು ಡಾರ್ಕಸ್ ಬಂದು ಓದಿ ಅಲ್ಲೇ ಒಲೆಗೆ ಹಾಕಿ ಹೋಗುತ್ತಿದ್ದುದನ್ನೂ ಹೇಳಿದ. ಅವಳಿಗೆ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಉತ್ತರ ಬರೆಯುತ್ತಿದ್ದವನು ಝೀನಸ್.

ಮಗ್ಗದ ನಾಲ್ಕು ಕಾಲುಗಳಿದ್ದ ಕಡೆ ನೆಲದ ಹಲಗೆ ಬೆಳ್ಳಗಿತ್ತು. ಅಸಾಹೆಲ್ ಅದನ್ನೇ ನೋಡುತ್ತಿದ್ದ.

"ಏಳು ವರ್ಷ ಪಕ್ಕದಲ್ಲೇ ಮಲಗಿದ್ಲು," ಎಂದ.

"ಹೇಳೋಕೆ ಎಷ್ಟೋ ಸಲ ಹೊರಟಿದ್ರು. ನೀನು ಕಲ್ಲು ನೆಡಿಸಿದೆ. ಮೆರವಣಿಗೇಲಿ ನಿನ್ನನ್ನ ಮುಂದಿನ ಸಾಲಲ್ಲಿ ನಿಲ್ಲಿಸಿದ್ರು. ಆಮೇಲೆ ಹೇಗೆ ಹೇಳ್ತಾರೆ?"

"ಅವತ್ತು ಮೆಟ್ಟಿಲ ಮೇಲೆ ನೀನ್ಯಾಕೆ ಸುಮ್ಮನಿದ್ದೆ?"

"ಅತ್ತಿಗೆ ನೋಡಿದ್ರು."

ಒಲೆಯಲ್ಲಿ ಕಟ್ಟಿಗೆ ಕುಸಿಯಿತು. ಝೀನಸ್ ಕಾಗದ ತೆಗೆದು ಚಾಚಿದ. ಅಣ್ಣ ಕೈ ನೀಡಲಿಲ್ಲ.

"ನಾನು ಬರೀಲಾ, ನೀನು ಬರೀತೀಯಾ?"

"ಓದು ಮೊದಲು."

ಝೀನಸ್ ಕಿಟಕಿಯ ಬೆಳಕಿಗೆ ಸರಿದು ಓದಿದ. ಚಳಿಗಾಲದ ಜ್ವರ ಎಲ್ಲರಿಗೂ ಬಂದು ಹೋಯಿತು. ಎರಡು ಹಂದಿಗಳನ್ನು ಕರಡಿ ಒಯ್ದಿತು. ದಾರಿ ಬಂದರೆ ಗಿರಣಿಯೂ ಬರುತ್ತದಂತೆ. ಝೀನಸ್ ಹಾಳೆ ತಿರುಗಿಸಿದ.

"'ಪುಟ್ಟ ಡಾರ್ಕಸ್ ಎಷ್ಟು ಎತ್ತರ ಆಗಿದ್ದಾಳೆ ಎಂದು ಅಮ್ಮ ಕೇಳಿದ್ದಳಲ್ಲ. ಬರುವ ತಿಂಗಳಿಗೆ ಅವಳಿಗೆ ಐದು ವರ್ಷ. ನನ್ನೆದುರು ನಿಂತರೆ ಅವಳ ನೆತ್ತಿ ನನ್ನ ಕೋಟಿನ ಕೊನೆಯ ಗುಂಡಿಗೆ ತಾಗುತ್ತದೆ.'"

ಅಸಾಹೆಲ್ ತಲೆ ತಗ್ಗಿಸಿ ನೋಡಿಕೊಂಡ. ಕೋಟು ಪೂರ್ತಿ ಬಿಚ್ಚಿಯಾಗಿತ್ತು, ಕೊನೆಯ ಗುಂಡಿ ಒಂದನ್ನು ಬಿಟ್ಟು. ಅವನು ಅದನ್ನು ಬಿಚ್ಚಲಿಲ್ಲ. ಎಡಗೈಯಿಂದ ಅದನ್ನು ಹಿಡಿದುಕೊಂಡು, ಬಲಗೈಯ ಅಂಗೈಯನ್ನು ಕೆಳಮುಖವಾಗಿ ಅದೇ ಎತ್ತರಕ್ಕೆ ತಂದು, ಎದುರಿನ ಖಾಲಿ ಜಾಗದ ಮೇಲೆ ಇಟ್ಟ ಹಾಗೆ ಹಿಡಿದು ನಿಂತ.