ಹೊಗೆ ನಿಂತೋಯ್ತು, ನೀರು ಹಿಡೀರಿ!

ವಿದ್ಯುತ್ ಸ್ಥಾವರದ ಕಾಲೊನಿಯಲ್ಲಿ ಯಾರೂ ಆಕಾಶ ನೋಡುತ್ತಿರಲಿಲ್ಲ, ಚಿಮಣಿ ನೋಡುತ್ತಿದ್ದರು. ಹೊಗೆ ಮನೆಗಳ ಕಡೆ ವಾಲಿದರೆ ಒಣಹಾಕಿದ ಬಟ್ಟೆಯನ್ನು ಒಳಗೆ ತರಬೇಕು, ಇಲ್ಲದಿದ್ದರೆ ಬಿಳಿ ಅಂಗಿಯ ಮೇಲೆಲ್ಲ ಬೂದಿ. ನೆಟ್ಟಗೆ ಏರಿದರೆ ನಿಶ್ಚಿಂತೆ. ಹೊಗೆ ನಿಂತೇಹೋದರೆ ಮಾತ್ರ ಎದ್ದೆವೋ ಬಿದ್ದೆವೋ ಎಂದು ಓಡಬೇಕು. ಒಳಗೆ ಬಾಯ್ಲರಿನ ಕೊಳವೆ ಎಲ್ಲೋ ಒಡೆದಿದೆ, ಇನ್ನು ಸ್ವಲ್ಪ ಹೊತ್ತಿಗೆ ಕಾಲೊನಿಯ ಕರೆಂಟು ಹೋಗುತ್ತದೆ, ಕರೆಂಟು ಹೋದರೆ ಮನೆಮನೆಯ ನೀರಿನ ಪಂಪೂ ಸತ್ತಂತೆ ಎಂದು ಅದರ ಅರ್ಥ. ಆದ್ದರಿಂದ ಮೊದಲು ಕಂಡವರು ತಾರಸಿಯಿಂದ ಕೂಗಬೇಕು, ಪಕ್ಕದ ತಾರಸಿಯವರು ಅದನ್ನು ಮುಂದಕ್ಕೆ ದಾಟಿಸಬೇಕು: "ಹೊಗೆ ನಿಂತೋಯ್ತು, ನೀರು ಹಿಡೀರಿ!" ಆ ಕಾಲೊನಿಯ ಮಕ್ಕಳು "ಅಮ್ಮ" ಅನ್ನುವುದಕ್ಕೆ ಮುಂಚೆ ಇದನ್ನೇ ಕಲಿಯುತ್ತಿದ್ದವು ಎಂದರೆ ಸ್ವಲ್ಪ ಉತ್ಪ್ರೇಕ್ಷೆಯಾದೀತು, ಅಷ್ಟೆ.

ಈ ಕೂಗಿನಲ್ಲಿ ದೊಡ್ಡಮ್ಮನನ್ನು ಮೀರಿಸಿದವರಿರಲಿಲ್ಲ. ಆಕೆ ನಿವೃತ್ತ ಬಾಯ್ಲರ್ ಫೋರ್‌ಮನ್ನರ ಹೆಂಡತಿ, ಕಾಲೊನಿಗೆಲ್ಲ ದೊಡ್ಡಮ್ಮ. ಆಕೆ ಬಾಯಿ ತೆರೆದರೆ ಕೊನೆಯ ಸಾಲಿನ ಮನೆಯವರೂ ಬಕೆಟ್ ಹುಡುಕುತ್ತಿದ್ದರು. ಮಗ ಕಾಲೊನಿಯ ಲೈನ್‌ಮನ್. ಸೊಸೆ ಸ್ಥಾವರದಲ್ಲೇ ಎಂಜಿನಿಯರ್. ಹೀಗಾಗಿ ಆ ಮನೆಯ ಊಟದ ಮೇಜಿನ ಮೇಲೆ ಅನ್ನಕ್ಕಿಂತ ಕರೆಂಟಿನ ಮಾತೇ ಹೆಚ್ಚು.

ಕಲ್ಲಿದ್ದಲಿನ ಆ ಮುದಿ ಸ್ಥಾವರವನ್ನು ಮುಚ್ಚಿಬಿಡಬೇಕೆಂದು ಹೆಡ್ಡಾಫೀಸಿನವರು ಹೊರಟಾಗ ಅಡ್ಡ ನಿಂತವಳು ಸೊಸೆಯೇ. ಎರಡು ಯಂತ್ರಗಳ ಪೈಕಿ ಒಂದರ ಬಾಯ್ಲರ್ ಕಿತ್ತು, ಆ ಜಾಗದಲ್ಲಿ ಕರಗಿದ ಉಪ್ಪಿನ ತೊಟ್ಟಿಗಳನ್ನು ಕೂರಿಸಲು ಅವರನ್ನು ಒಪ್ಪಿಸಿದ್ದಳು. ಅದು ಗೆದ್ದರೆ ಎರಡನೆಯದಕ್ಕೂ ಉಪ್ಪು. ಸೋತರೆ ಸ್ಥಾವರಕ್ಕೆ ಬೀಗ, ಕಾಲೊನಿ ಖಾಲಿ.

"ಹಗಲು ಬಿಸಿಲಿನ ಕರೆಂಟು ಬೇಕಾದ್ದಕ್ಕಿಂತ ಜಾಸ್ತಿ ಬರುತ್ತೆ ಅತ್ತೆ. ಅದರಲ್ಲಿ ಉಪ್ಪನ್ನ ಕರಗೋವರೆಗೂ ಕಾಯಿಸಿ ಇಟ್ಕೋತೀವಿ. ಸಂಜೆ ಆ ಬಿಸಿಯಿಂದ ನೀರು ಕುದಿಸಿ, ಅದೇ ಹಳೇ ಟರ್ಬೈನ್ ತಿರುಗಿಸ್ತೀವಿ," ಎಂದು ಸೊಸೆ ಒಂದು ಬೆಳಿಗ್ಗೆ ವಿವರಿಸಿದ್ದಳು.

"ಅಂದ್ರೆ ದೊಡ್ಡ ಫ್ಲಾಸ್ಕು ಅನ್ನು."

"ಹೂಂ ಅತ್ತೆ, ಫ್ಲಾಸ್ಕೇ."

"ಉಪ್ಪಲ್ಲಿ ಕರೆಂಟಂತೆ! ನಾಳೆ ಮೆಣಸಿನಪುಡೀಲಿ ರೈಲು ಓಡಿಸ್ತಾರೆ," ಎಂದರು ಯಜಮಾನರು. ಜೀವಮಾನವೆಲ್ಲ ಬೆಂಕಿ ಕಾಯ್ದವರು, ಅಷ್ಟಾದರೂ ಮುನಿಸಿಕೊಳ್ಳದಿದ್ದರೆ ಹೇಗೆ?

ಪರೀಕ್ಷೆಯ ದಿನ ಗೊತ್ತಾಯಿತು. ಅಂದು ಉಳಿದ ಕಲ್ಲಿದ್ದಲಿನ ಯಂತ್ರವನ್ನೂ ನಿಲ್ಲಿಸಿ, ಸಂಜೆ ಉಪ್ಪೊಂದರಿಂದಲೇ ದೀಪ ಉರಿಸಿ ತೋರಿಸಬೇಕು. ಸೊಸೆ ಅತ್ತೆಯ ಕೈ ಹಿಡಿದುಕೊಂಡು ಹೇಳಿದಳು: "ಅವತ್ತು ಹೊಗೆ ಇರಲ್ಲ. ಜನ ಗಾಬರಿ ಆಗದ ಹಾಗೆ ನೀವೇ ಎಲ್ಲರಿಗೂ ತಿಳಿಸ್ಬೇಕು. ನಿಮ್ಮ ಮಾತಾದ್ರೆ ಕೇಳ್ತಾರೆ."

ದೊಡ್ಡಮ್ಮನಿಗೆ ಇಷ್ಟು ಸಾಕು. ಮನೆಮನೆಗೆ ಹೋಗಿ ಪಾಠ ಮಾಡಿದ್ದೇ ಮಾಡಿದ್ದು. "ಹೊಗೆ ಇಲ್ಲ ಅಂದ್ರೆ ಕೆಟ್ಟಿದೆ ಅಂತಲ್ಲ ಕಣ್ರೇ, ಫ್ಲಾಸ್ಕಿಂದ ಹೊಗೆ ಬರುತ್ತಾ? ಯಾರಾದ್ರೂ ಕೂಗಿದ್ರೆ ನೋಡಿ ಮತ್ತೆ!" ಎಂದು ಬೆರಳಾಡಿಸಿ ಎಚ್ಚರಿಸಿ ಬಂದಳು.

ಪರೀಕ್ಷೆಯ ಸಂಜೆ ಕಾಲೊನಿಗೆಲ್ಲ ರಜೆ. ಜನ ಮನೆಯಲ್ಲೇ ಇದ್ದರು. ಅತಿಥಿಗೃಹದಲ್ಲಿ ಹೆಡ್ಡಾಫೀಸಿನ ಸಾಹೇಬರ ದಂಡು ಚಹಾ ಕುಡಿಯುತ್ತಿತ್ತು. ದೊಡ್ಡಮ್ಮ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಮನಸ್ಸೆಲ್ಲ ಸೊಸೆಯ ಮೇಲೆ. ಪಾಪದ ಹುಡುಗಿ, ಮಧ್ಯಾಹ್ನ ಊಟವನ್ನಾದರೂ ಮಾಡಿದಳೋ ಇಲ್ಲವೋ. ಹಾಗೆ ಯೋಚಿಸುತ್ತ ದಿಂಬಿನ ಚೀಲ ಮಡಚುತ್ತ ತಲೆ ಎತ್ತಿದಳು. ಚಿಮಣಿಯ ಬಾಯಲ್ಲಿ ಹೊಗೆ ಇಲ್ಲ.

"ಹೊಗೆ ನಿಂತೋಯ್ತು, ನೀರು ಹಿಡೀರಿ!"

ಕೂಗಿದ್ದು ಬಾಯಿ. ತಲೆಯನ್ನು ಅದು ಕೇಳಲೇ ಇಲ್ಲ. ದೊಡ್ಡಮ್ಮ ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಕೂಗು ಪಕ್ಕದ ತಾರಸಿ ದಾಟಿ, ರಸ್ತೆ ದಾಟಿ, ಕೊನೆಯ ಸಾಲು ಮುಟ್ಟಿತ್ತು. ದೊಡ್ಡಮ್ಮನೇ ಕೂಗಿದ ಮೇಲೆ ಇನ್ನೇನು! ಎಲ್ಲ ಮನೆಯ ಪಂಪುಗಳೂ ಒಟ್ಟಿಗೆ ಗುರ್ ಎಂದವು. ಕರೆಂಟು ಇರುವಾಗಲೇ ಮುಗಿಸಿಬಿಡೋಣವೆಂದು ಕೆಲವರು ಇಸ್ತ್ರಿ ಹಚ್ಚಿದರು, ಕೆಲವರು ಒಗೆಯುವ ಯಂತ್ರ ಹಚ್ಚಿದರು. ಬೇರೆ ದಿನಗಳಲ್ಲಾದರೆ ಅರ್ಧ ಜನ ಕೆಲಸದಲ್ಲಿರುತ್ತಿದ್ದರು. ಕಾಲೊನಿಯ ಟ್ರಾನ್ಸ್‌ಫಾರ್ಮರ್ ಇಷ್ಟು ಭಾರವನ್ನು ಎಂದೂ ಹೊತ್ತಿರಲಿಲ್ಲ. ಬೀದಿ ಮೂಲೆಯಲ್ಲಿ ಢಂ ಎಂದಿತು. ಕರೆಂಟು ಹೋಯಿತು.

"ನೋಡಿದ್ರಾ ದೊಡ್ಡಮ್ಮ, ನೀವು ಕೂಗಿದ್ದು ಎಷ್ಟು ಒಳ್ಳೇದಾಯ್ತು!" ಎಂದಳು ಪಕ್ಕದ ಮನೆಯ ನರ್ಸ್. "ಉಪ್ಪಂತೆ ಉಪ್ಪು!"

ಒಂದು ಕ್ಷಣ ದೊಡ್ಡಮ್ಮನಿಗೆ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಬೇಕು. ಆಮೇಲೆ ಕಿವಿಗೆ ಏನೋ ಬಿತ್ತು. ಪಂಪುಗಳೆಲ್ಲ ನಿಂತ ಮೌನದಲ್ಲಿ ಸ್ಥಾವರದ ಕಡೆಯಿಂದ ಟರ್ಬೈನಿನ ಗುಂಯ್‌ಗುಟ್ಟುವಿಕೆ ಕೇಳುತ್ತಿತ್ತು. ಹಿಂದೆಲ್ಲ ಕರೆಂಟು ಹೋದಾಗ ಆ ಸದ್ದೂ ಹೋಗುತ್ತಿತ್ತು. ಈಗ ಅದು ತನ್ನ ಪಾಡಿಗೆ ಹಾಡುತ್ತಿದೆ.

ಸೊಸೆ ಗೆದ್ದಿದ್ದಳು. ಕೆಡಿಸಿದ್ದು ತಾನು.

ದೊಡ್ಡಮ್ಮ ಬಟ್ಟೆಯನ್ನೆಲ್ಲ ಅಲ್ಲೇ ಬಿಟ್ಟಳು. ಮೆಟ್ಟಿಲಿಳಿದು ಬೀದಿಗೆ ಬಂದರೆ, ಕಂಬದ ಬುಡದಲ್ಲಿ ಮಗ ಸುಟ್ಟ ಫ್ಯೂಸ್ ಹಿಡಿದು ನಿಂತಿದ್ದ. "ಕರಕಲಾಗಿದೆ. ಯಾರಮ್ಮ ಕೂಗಿದ್ದು?"

"ನಾನೇ ಕಣೋ. ಬೇಗ ಹೊಸದು ಹಾಕು," ಎಂದವಳೇ ಅತಿಥಿಗೃಹದತ್ತ ಓಡಿದಳು. ಓಡಿ ಎಷ್ಟೋ ಕಾಲವಾಗಿತ್ತು. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು.

ಅಲ್ಲಿ ಫ್ಯಾನು ನಿಂತು ಸಾಹೇಬರೆಲ್ಲ ಬೆವರುತ್ತಿದ್ದರು. ಅತಿಥಿಗೃಹಕ್ಕೂ ಕಾಲೊನಿಯದೇ ಲೈನು. "ಉಪ್ಪು ಸ್ವಲ್ಪ ಕಮ್ಮಿ ಆಯ್ತು ಅಂತ ಕಾಣುತ್ತೆ," ಎಂದು ದೊಡ್ಡ ಸಾಹೇಬರು ಕಾರಿನ ಬೀಗದ ಕೈ ಎತ್ತಿಕೊಂಡಿದ್ದರು. ಉಳಿದವರು ನಗುವುದೋ ಬಿಡುವುದೋ ತಿಳಿಯದೆ ಅರ್ಧ ನಕ್ಕರು.

"ಸಾಹೇಬ್ರೇ, ಒಂದ್ನಿಮಿಷ!" ದೊಡ್ಡಮ್ಮ ಬಾಗಿಲಿಗೇ ಅಡ್ಡ ನಿಂತಳು. "ಕರೆಂಟು ತೆಗೆದಿದ್ದು ಉಪ್ಪಲ್ಲ, ನಾನು."

"ನೀವು ಯಾರಮ್ಮ?"

"ನಿಮ್ಮ ಎಂಜಿನಿಯರಮ್ಮನ ಅತ್ತೆ. ಕೂಗಬೇಡಿ ಅಂತ ಊರಿಗೆಲ್ಲ ಬುದ್ಧಿ ಹೇಳಿ, ನಾನೇ ಕೂಗ್ಬಿಟ್ಟೆ. ನನ್ನ ಮಾನ ಹೋಯ್ತು, ಹೋಗ್ಲಿ. ಅವಳ ಕೆಲಸ ಹೋಗ್ಬಾರ್ದು. ನೀವು ಕಿವಿ ಕೊಟ್ಟು ಕೇಳಿ."

ಸಾಹೇಬರೆಲ್ಲ ಸ್ಥಾವರದ ಕಡೆ ತಿರುಗಿದರು. ಕಿಟಕಿಯಿಂದ ಗುಂಯ್ ಎಂಬ ಸದ್ದು ಒಳಗೆ ಬಂತು. ದೊಡ್ಡ ಸಾಹೇಬರು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. ಆದರೂ ಅನುಮಾನ. "ಹಾಗಾದ್ರೆ ಕರೆಂಟು ಹೋಗಿದ್ದು?"

"ಬನ್ನಿ, ತೋರಿಸ್ತೀನಿ."

ಒಂಟಿ ಚಪ್ಪಲಿಯ ದೊಡ್ಡಮ್ಮ ಮುಂದೆ, ಸಾಹೇಬರ ದಂಡು ಹಿಂದೆ. ಮೊದಲ ಮನೆಯಲ್ಲಿ ಬಕೆಟ್ಟು, ಕೊಡ, ಪಾತ್ರೆ ಎಲ್ಲ ತುಂಬಿದ್ದವು. ಎರಡನೆಯ ಮನೆಯಲ್ಲಿ ಹೂದಾನಿಯೂ ತುಂಬಿತ್ತು, ಕಸದ ಬುಟ್ಟಿಯೂ ತುಂಬಿತ್ತು. ದೊಡ್ಡಮ್ಮನ ಸ್ವಂತ ಮನೆಯಲ್ಲಿ ಯಜಮಾನರು ಕೈಯಲ್ಲಿ ತಮ್ಮ ಹಳೆಯ ಫೋರ್‌ಮನ್ ಹೆಲ್ಮೆಟ್ಟನ್ನು ಬುಡಮೇಲಾಗಿ ಹಿಡಿದು ನಿಂತಿದ್ದರು. ಅದರ ತುಂಬ ನೀರು.

"ರೀ, ಅದಕ್ಕೂ ಹಿಡಿದ್ರಾ?"

"ನೀನೇ ಕೂಗಿದ್ಯಲ್ಲೇ! ಪಾತ್ರೆ ಎಲ್ಲಾ ಮುಗಿದಿತ್ತು."

ದೊಡ್ಡ ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡಮ್ಮ ತಾರಸಿಗೆ ಹತ್ತಿ, ಉಳಿದ ಉಸಿರನ್ನೆಲ್ಲ ಕೂಡಿಸಿ, "ಪಂಪು ಆರಿಸ್ರೀ! ಎಲ್ಲಾ ಆರಿಸಿ!" ಎಂದು ಕೂಗಿದಳು. ಕೂಗು ಮನೆಯಿಂದ ಮನೆಗೆ ಹೋಯಿತು. ಮಗ ಫ್ಯೂಸ್ ಹಾಕಿದ. ಸೂರ್ಯ ಮುಳುಗಿದ ಕಾಲೊನಿಯಲ್ಲಿ, ಹೊಗೆಯಿಲ್ಲದ ಚಿಮಣಿಯ ಕೆಳಗೆ, ದೀಪಗಳು ಹತ್ತಿದವು.

ಸೊಸೆ ಬಂದಾಗ ದೊಡ್ಡಮ್ಮ ಅಡುಗೆಮನೆಯ ಮೂಲೆಯಲ್ಲಿ ಬಕೆಟ್ಟುಗಳ ನಡುವೆ ಮುಖ ಮುಚ್ಚಿಕೊಂಡು ಕೂತಿದ್ದಳು.

"ಬೈದ್ಬಿಡಮ್ಮ. ನಿನ್ನ ಇಷ್ಟು ದಿನದ ಕೆಲಸ ನೀರಲ್ಲಿ ಹೋಮ ಮಾಡ್ತಿದ್ದೆ."

"ಅತ್ತೆ, ಇಡೀ ಕಾಲೊನಿ ಕತ್ತಲಾಗಿದ್ದು ಒಳಗಿದ್ದ ನಮಗೆ ಗೊತ್ತೇ ಆಗ್ಲಿಲ್ಲ," ಎಂದು ಸೊಸೆ ಆಕೆಯ ಪಕ್ಕದಲ್ಲೇ ನೆಲದ ಮೇಲೆ ಕೂತಳು. "ಟರ್ಬೈನ್ ಅಲುಗಾಡ್ಲೇ ಇಲ್ಲ. ಸಾಹೇಬ್ರು ಎರಡನೇ ಯಂತ್ರಕ್ಕೂ ಒಪ್ಪಿದ್ರು. ಯಾರೂ ನಮ್ಮ ಕಾಲೊನಿ ಬಿಡ್ಬೇಕಾಗಿಲ್ಲ. ಊಟಕ್ಕೆ ಏನಿದೆ? ಬೆಳಗಿಂದ ಏನೂ ತಿಂದಿಲ್ಲ."

ದೊಡ್ಡಮ್ಮ ಆಗ ಅತ್ತಳು, ಸಂತೋಷಕ್ಕೇ ಅತ್ತಳು. ಅಳುತ್ತಲೇ ತಟ್ಟೆ ಇಟ್ಟಳು.

ಮರುದಿನ ಸಂಜೆ ಆಕೆ ಮತ್ತೆ ತಾರಸಿಯಲ್ಲಿದ್ದಳು. ಕಲ್ಲಿದ್ದಲಿನ ಯಂತ್ರವನ್ನು ಮತ್ತೆ ಹೊತ್ತಿಸಿರಲಿಲ್ಲ, ಚಿಮಣಿ ಬರಿದಾಗಿತ್ತು. ಬಾಯಿ ತೆರೆಯಿತು. ಅಕ್ಕಪಕ್ಕದ ತಾರಸಿಗಳಲ್ಲಿ ಜನ ಉಸಿರು ಬಿಗಿಹಿಡಿದು ನೋಡಿದರು.

"ಹೊಗೆ ಇಲ್ಲ, ಎಲ್ಲಾ ಸರಿಯಾಗಿದೇ!" ಎಂದು ಕೂಗಿದಳು ದೊಡ್ಡಮ್ಮ.

ನರ್ಸ್ ನಗುತ್ತ ಅದನ್ನು ಎತ್ತಿಕೊಂಡಳು. ಅವಳಿಂದ ಆಚೆಯವರು ಎತ್ತಿಕೊಂಡರು. ಪಾಳಿಗೆ ಹೊರಟ ಸೊಸೆ ಸ್ಥಾವರದ ಬಾಗಿಲು ಮುಟ್ಟುವವರೆಗೂ ಕೂಗು ತಾರಸಿಯಿಂದ ತಾರಸಿಗೆ ಅವಳ ಜೊತೆಗೇ ಬಂತು. ಕೆಳಗೆ ಯಜಮಾನರು ಮಾತ್ರ, ಹೆಂಡತಿಯ ದನಿ ಕಿವಿಗೆ ಬಿದ್ದದ್ದೇ ತಡ, ಬಕೆಟ್ ಎತ್ತಿಕೊಂಡು ನಲ್ಲಿಯ ಕಡೆ ನಡೆದಿದ್ದರು.