ಜಲಜ ಹೇಳಿದ್ದು

ವಾರಿಜಾಕ್ಷಿ ಟೀಚರ್ ಮೀನಿನವಳ ಹತ್ತಿರವೂ ಕನ್ನಡದಲ್ಲೇ ಚೌಕಾಸಿ ಮಾಡುವವರು. ಇವರು ಪುಸ್ತಕದ ಕನ್ನಡದಲ್ಲಿ ಬಂಗುಡೆಯ ಕ್ರಯ ಕೇಳಿದರೆ ಅವಳು ತುಳುವಿನಲ್ಲಿ ಉತ್ತರ ಕೊಟ್ಟು, ಬುಟ್ಟಿ ಎತ್ತುವಾಗ ಸಣ್ಣಗೆ ನಕ್ಕು ಹೋಗುತ್ತಿದ್ದಳು. ಟೀಚರ್ ತೊಟ್ಟಿಲಲ್ಲಿ ಕೇಳಿದ್ದೂ ತುಳುವೇ. ಆದರೆ ಪುಂಜಾಲಕಟ್ಟೆಯ ಹತ್ತಿರದ ಶಾಲೆಗೆ ಸೇರಿದ ದಿನವೇ, ಗೇಟಿನೊಳಗೆ ತುಳು ಕೂಡದು ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ತಪ್ಪಿದವರು ಬೆಂಚಿನ ಮೇಲೆ ನಿಲ್ಲಬೇಕು. ನಿವೃತ್ತರಾಗುವವರೆಗೂ ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಅವರ ಕೈಯಲ್ಲಿ ಕಲಿತವರು ಬ್ಯಾಂಕಿಗೆ, ಕೋರ್ಟಿಗೆ ಸೇರಿ ಮುಂದೆ ಬಂದದ್ದೂ ಸುಳ್ಳಲ್ಲ; ಅದನ್ನು ಹೇಳದಿದ್ದರೆ ಅನ್ಯಾಯವಾದೀತು.

೨೦೦೩ರಲ್ಲಿ ಶಾಲೆಗೆ ಐವತ್ತು ತುಂಬಿತು. ಈಗಿನ ಹೆಡ್‌ಮಾಸ್ಟರ್ ನಿತ್ಯಾನಂದ, ಒಂದು ಕಾಲದಲ್ಲಿ ಬೆಂಚಿನ ಮೇಲೆ ನಿಂತವನೇ, ಮನೆಗೆ ಬಂದು ಕೈ ಮುಗಿದ. "ಸ್ಮರಣ ಸಂಚಿಕೆಗೆ ನಿಮ್ಮ ನೆನಪು ನಾಲ್ಕು ಪುಟ ಬರೆದು ಕೊಡಿ ಟೀಚರ್. ಜಲಜನ ವಿಷಯ ಬಿಡಬೇಡಿ. ನೀವು ಅವಳನ್ನು ಹೊತ್ತುಕೊಂಡು ಓಡಿದ್ದು ಊರಿಗೇ ಗೊತ್ತುಂಟು."

ಊರಿಗೆ ಗೊತ್ತಿದ್ದದ್ದು ಇಷ್ಟು. ಎಪ್ಪತ್ತೆರಡರಲ್ಲಿ ಒಂದನೇ ತರಗತಿಯ ಜಲಜ ಮಧ್ಯಾಹ್ನ ಕುಸಿದು ಬಿದ್ದಳು. ಟೀಚರ್ ಅವಳನ್ನು ಎತ್ತಿಕೊಂಡು ರಸ್ತೆಯವರೆಗೆ ಓಡಿ, ಜೀಪು ನಿಲ್ಲಿಸಿ ಬಂಟ್ವಾಳಕ್ಕೆ ಒಯ್ದರು. ಹೊಟ್ಟೆಯೊಳಗೆ ಅಪೆಂಡಿಕ್ಸ್ ಒಡೆದಿತ್ತು. ಬೆಳಿಗ್ಗೆಯೇ ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ಮರುದಿನ ಮಗು ತೀರಿಕೊಂಡಿತು.

ಟೀಚರ್ ಅಂದವಾದ ಅಕ್ಷರದಲ್ಲಿ ಬರೆಯುತ್ತಾ ಬಂದರು. 'ಪಾಪದ ಕೂಸು, ಬೆಳಗ್ಗಿನಿಂದ ನೋವು ನುಂಗಿಕೊಂಡು ಕೂತಿತ್ತು. ನನಗೊಂದು ಮಾತೂ ಹೇಳಲಿಲ್ಲ.' ಮೂವತ್ತೊಂದು ವರ್ಷ ಎಲ್ಲರಿಗೂ ಇದನ್ನೇ ಹೇಳಿದ್ದರು. ಬಾಯಲ್ಲಿ ಹೇಳುವಾಗ ಸಲೀಸಾಗಿದ್ದ ಮಾತು ಕಾಗದದ ಮೇಲೆ ಬಿದ್ದಾಗ ಅವರನ್ನೇ ನೋಡತೊಡಗಿತು. ಪೆನ್ನು ನಿಂತಿತು.

ಜಲಜ ಹೇಳಿದ್ದಳು. ಕಾಪಿ ಬರೆಯುವ ಹೊತ್ತಿನಲ್ಲಿ ಮೇಜಿನ ಹತ್ತಿರ ಬಂದು, ಸೆರಗು ಹಿಡಿದೆಳೆದು, ತುಳುವಿನಲ್ಲಿ ಹೇಳಿದ್ದಳು. ಟೀಚರ್ ತಲೆ ಎತ್ತದೆ "ಕನ್ನಡದಲ್ಲಿ ಹೇಳು" ಎಂದಿದ್ದರು. ಶಾಲೆಗೆ ಸೇರಿ ಇನ್ನೂ ತಿಂಗಳಾಗದ ಮಗು ಸ್ವಲ್ಪ ಹೊತ್ತು ನಿಂತು, ತುಟಿ ಅಲ್ಲಾಡಿಸಿ, ಜಾಗಕ್ಕೆ ಹೋಗಿ ಕೂತಿತ್ತು.

ಮರೆತೇ ಹೋಗಿತ್ತೆನ್ನೋಣವೇ? ಮರೆತದ್ದೂ ಅಲ್ಲ. ಮರೆತವರು ಅಷ್ಟು ಬಿಗಿಯಾಗಿ, ಒಂದಕ್ಷರ ಆಚೀಚೆ ಆಗದಂತೆ, ಒಂದೇ ಕಥೆಯನ್ನು ಹೇಳುತ್ತಿರಲಿಲ್ಲ. ತಾನು ಯಾರೆಂಬುದು ಟೀಚರಿಗೆ ಅರವತ್ತನಾಲ್ಕನೆಯ ವಯಸ್ಸಿನಲ್ಲಿ ತಿಳಿಯಿತು, ತಿಳಿದದ್ದು ಅಸಹ್ಯವಾಗಿತ್ತು.

ಎರಡು ದಿನ ಊಟ ಸೇರಲಿಲ್ಲ. ಆ ಒಂದು ಸಾಲು ಬಿಟ್ಟು ಉಳಿದದ್ದನ್ನು ಕೊಟ್ಟರಾಯಿತು, ಯಾರು ಕೇಳುತ್ತಾರೆ ಎಂದೂ ಅನಿಸಿತು. ಮೂರನೆಯ ದಿನ ಮಧ್ಯಾಹ್ನದ ಬಸ್ಸು ಹತ್ತಿ ಜಲಜನ ತಾಯಿ ಪ್ರೇಮಾವತಿಯ ಮನೆಗೆ ಹೋದರು.

ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಪ್ರೇಮಾವತಿ ಗಡಿಬಿಡಿಯಿಂದ ಎದ್ದು ಕುರ್ಚಿ ಒರೆಸಿದಳು. ಟೀಚರ ಮುಂದೆ ಎಲ್ಲರ ಹಾಗೆ ಅವಳೂ ಪ್ರಯಾಸಪಟ್ಟು ಕನ್ನಡವನ್ನೇ ಆಡಿದಳು.

"ಪುಸ್ತಕದಲ್ಲಿ ಅವಳ ಹೆಸರು ಬರ್ತದಂತಲ್ಲ ಟೀಚರ್. ನಿತ್ಯಾನಂದ ಮಾಸ್ಟ್ರು ಹೇಳಿದ್ರು. ನಿಮ್ಮ ಉಪಕಾರ." ಮತ್ತೆ ಕೂತು ಎಲೆ ಕೈಗೆತ್ತಿಕೊಂಡಳು. "ಯಾರಿಗೂ ಹೇಳ್ಲಿಲ್ಲ, ನಿಮಗೆ ಹೇಳ್ತೇನೆ. ಆ ದಿನ ಬೆಳಿಗ್ಗೆ ಹೊಟ್ಟೆ ನೋಯ್ತದೆ ಅಂದಿದ್ಲು. ಶಾಲೆಗೆ ಹೋಗ್ಲಿಕ್ಕೆ ಸೋಮಾರಿತನ ಅಂತ ಬೈದೆ. ಇನ್ನೊಮ್ಮೆ ಬಾಯಿ ಬಿಟ್ರೆ ಬರೆ ಹಾಕ್ತೇನೆ ಅಂದೆ. ಅದಕ್ಕೇ ಹೆದರಿ ನಿಮಗೂ ಹೇಳ್ಲಿಲ್ಲ ಅವಳು. ನಾನೇ ಕೊಂದದ್ದು ಟೀಚರ್."

ಸುಮ್ಮನೆ ತಲೆಯಾಡಿಸಿ ಎದ್ದು ಬರಬಹುದಿತ್ತು. ಇವರು ತುಟಿ ಬಿಚ್ಚದಿದ್ದರೆ ಆ ಭಾರ ಪ್ರೇಮಾವತಿಯ ತಲೆಯ ಮೇಲೇ ಉಳಿಯುತ್ತಿತ್ತು.

"ಅವಳು ನನಗೆ ಹೇಳಿದ್ಲು ಪ್ರೇಮಾವತಿ. ಹೊಟ್ಟೆನೋವು ಅಂತ ತುಳುವಿನಲ್ಲಿ ಹೇಳಿದ್ಲು, 'ಟೀಚರೇ, ಬಂಜಿ ಬೇನೆ' ಅಂತ. ಕನ್ನಡದಲ್ಲಿ ಹೇಳು ಅಂತ ನಾನು ವಾಪಸು ಕಳಿಸಿದೆ. ಹತ್ತು ಗಂಟೆಗೆ."

ಪ್ರೇಮಾವತಿಯ ಕೈ ನಿಂತಿತು. "ಹಾಗಾದ್ರೆ ನನಗೆ ಹೆದರಿ ಅಲ್ಲ" ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಮುಖದಲ್ಲಿ ಅಳುವಿರಲಿಲ್ಲ. ಆಮೇಲೆ ತುಳುವಿನಲ್ಲಿ ಕೇಳಿದಳು, ಅವಳು ಹೇಳಿದ್ದು ಆಗ ನಿಮಗೆ ಅರ್ಥವಾಗಿತ್ತಾ ಎಂದು.

"ಆಗಿತ್ತು" ಎಂದರು ಟೀಚರ್, ತುಳುವಿನಲ್ಲೇ.

ಪ್ರೇಮಾವತಿ ಬೀಡಿಯ ತಟ್ಟೆಯನ್ನು ಬದಿಗಿಟ್ಟು, ಮಡಿಲಿಗೆ ಬಿದ್ದ ಹೊಗೆಸೊಪ್ಪಿನ ಪುಡಿ ಕೊಡವಿ ಎದ್ದು ನಿಂತಳು.

"ನಾಲ್ಕೂವರೆಗೆ ಬಸ್ಸು ಉಂಟು ಟೀಚರ್" ಎಂದಳು. ಅದನ್ನು ಕನ್ನಡದಲ್ಲಿ ಹೇಳಿದಳು.